ಅಗ್ನಾಸ್ಟಿಕ್ ಅಳಿಯನಿಗೆ ದೇವಿಯ ಹೂ

ಅಜ್ಜಿ ಕೇಳಿದ್ದಕ್ಕೆ ಸಂಜು ಸುಮ್ಮನೆ ಹೂಂ ಅಂದುಬಿಟ್ಟಿದ್ದರೆ ಆ ಭಾನುವಾರ ಎಲ್ಲರೂ ಹೋಳಿಗೆ ಉಂಡು, ಒಂದು ನಿದ್ದೆ ತೆಗೆದು, ಸಂಜೆಗೆ ತಮ್ಮ ತಮ್ಮ ಊರು ಸೇರುತ್ತಿದ್ದರು. ಕೇಳಿದ್ದಾದರೂ ಎಂಥ ಪ್ರಶ್ನೆ? ಇಳಕಲ್ಲಿನ ಯಾವ ಅಜ್ಜಿಯಾದರೂ ಮನೆಗೆ ಬಂದ ಯಾವ ಹುಡುಗನನ್ನಾದರೂ ಕೇಳುವಂಥದ್ದು.

"ದಿನಾ ಜಳಕಾ ಮಾಡಿ ದೇವರಿಗೆ ಕೈ ಮುಗೀತಿಯೋ ಇಲ್ಲೋ, ತಮ್ಮಾ?"

ಜಳಕದವರೆಗೆ ಹೂಂ ಅನ್ನಲು ಸಂಜುವಿಗೆ ಏನೂ ಅಡ್ಡಿಯಿರಲಿಲ್ಲ. ದೇವರ ಹತ್ತಿರ ಬಂದಾಗ ಅವನ ನಾಲಿಗೆ ತಡೆಯಿತು.

ಸಂಜು ವಿದ್ಯಾಗಿರಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಮಾಸ್ತರ. ಪಾಠ ಮಾಡುವುದಕ್ಕಿಂತ ಕನಸು ಕಾಣುವುದರಲ್ಲಿ ಅವನ ಕೈ ಪಳಗಿತ್ತು. ಒಂದು ಶಬ್ದ ಕಣ್ಣಿಗೆ ಬಿದ್ದರೆ ಸಾಕು, ಅದರ ಅಪ್ಪ ಯಾರು, ಅಜ್ಜ ಯಾರು, ಯಾವ ಸೀಮೆಯಿಂದ ಯಾವ ಹಡಗು ಹತ್ತಿ ಬಂತು ಎಂದು ಅದರ ಬೆನ್ನು ಹತ್ತಿ ಹೋಗಿಬಿಡುತ್ತಿದ್ದ. ಹಾಗೆ ಹೋದವನನ್ನು ಕಂಡಕ್ಟರ್ ಎಷ್ಟೋ ಸಲ ಕೊನೆಯ ಸ್ಟಾಪಿನಲ್ಲಿ ಅಲುಗಾಡಿಸಿ ಇಳಿಸಿದ್ದುಂಟು. ಸುನಿತಾ ಅವನಿಗೆ ಸಿಕ್ಕಿದ್ದೂ ಹೀಗೆಯೇ. ಕಾಲೇಜಿನ ಲೈಬ್ರರಿಯಲ್ಲಿ ಅವಳು ಮೇಲಿನ ಕಪಾಟಿನಿಂದ ದಪ್ಪ ನಿಘಂಟು ಇಳಿಸಿಕೊಡುತ್ತಿದ್ದಳು, ಇವನು ಶಬ್ದದ ಮೂಲ ಹುಡುಕುತ್ತಿದ್ದ. ಒಂದು ದಿನ ನಿಘಂಟು ಮೇಜಿನ ಮೇಲೆ ತೆರೆದೇ ಇತ್ತು, ಇವನು ಅವಳ ಬಳೆಗಳನ್ನೇ ನೋಡುತ್ತ ಕೂತಿದ್ದ. ಅವಳು ನಕ್ಕಳು. ಮುಂದಿನದು ಎರಡೂ ಮನೆಗಳಿಗೆ ಗೊತ್ತಾಯಿತು, ಎರಡೂ ಮನೆಯವರು ಒಪ್ಪಿದರು. ಉಳಿದವಳು ಒಬ್ಬಳೇ, ಇಳಕಲ್ಲಿನಲ್ಲಿರುವ ಸುನಿತಾಳ ಅಜ್ಜಿ ದುರ್ಗವ್ವ. ಅವಳು ಹುಡುಗನ ಮುಖ ನೋಡಿ ಹೂಂ ಅಂದರೆ ಬರುವ ತಿಂಗಳೇ ಮದುವೆ.

ಮುಖ ತೋರಿಸಲು ಸಂಜು ಒಬ್ಬನೇ ಬರಬೇಕಿತ್ತು. ಆದರೆ ಇತಿಹಾಸದ ಮಾಸ್ತರ ಸಂಗಯ್ಯ ತನ್ನ ಕಾರು ತೆಗೆದ. ಕಾರು ಹೊರಟಿದ್ದು ಕಂಡು ಸಂಜುವಿನ ಮನೆ ಮಾಲಕಿ ಬಸವೇಶ್ವರಿಬಾಯಿ, "ಹುಡುಗನ ಕಡಿಂದ ಒಬ್ಬ ಹೆಣ್ಣುಮಗಳು ಬ್ಯಾಡೇನು?" ಎಂದು ತಾನಾಗಿಯೇ ಹಿಂದಿನ ಸೀಟಿನಲ್ಲಿ ಕೂತುಬಿಟ್ಟಳು.

ಈಗ ಅಜ್ಜಿ ಉತ್ತರಕ್ಕೆ ಕಾಯುತ್ತಿದ್ದಳು. ಸಂಜುವಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಅಜ್ಜಿ, ನಾ ಅಗ್ನಾಸ್ಟಿಕ್ ಅದೀನ್ರಿ," ಅಂದ.

ಹಿತ್ತಲ ಕೋಣೆಯಲ್ಲಿ ಬಡಿಯುತ್ತಿದ್ದ ಮಗ್ಗವೂ ನಿಂತಿತು. ಸಂಗಯ್ಯನ ಉಪ್ಪಿಟ್ಟಿನ ಚಮಚ ಬಾಯಿಗೆ ಹೋಗದೆ ಗಾಳಿಯಲ್ಲಿ ಉಳಿಯಿತು.

"ಹಂಗಂದ್ರ?" ಎಂದಳು ದುರ್ಗವ್ವ.

"ಏನಿಲ್ರಿ ಅಜ್ಜಿ, ಅದೊಂದು ಇಂಗ್ಲಿಷ್ ಮಾಸ್ತರ ಖಯಾಲಿ," ಎಂದು ಸಂಗಯ್ಯ ತಿಪ್ಪೆ ಸಾರಿಸಲು ನೋಡಿದ.

"ನಿನ್ನ ಕೇಳಿಲ್ಲಪಾ. ನೀ ಉಪ್ಪಿಟ್ಟು ತಿನ್ನು."

ಸಂಜುವಿನ ಎದೆ ಅರಳಿತು. ಹತ್ತು ವರ್ಷದ ಮಾಸ್ತರಿಕೆಯಲ್ಲಿ ಒಂದು ಶಬ್ದದ ಅರ್ಥ ಕೇಳಿದವರು ಯಾರಿದ್ದಾರೆ? ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದವರೇ ಎಲ್ಲ. ಅವನ ಕಣ್ಣು ಅರ್ಧ ಮುಚ್ಚಿತು, ದನಿ ಮೆತ್ತಗಾಯಿತು. ಬಾಗಿಲ ಹಿಂದಿನಿಂದ ಸುನಿತಾ ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದುದು ಅವನಿಗೆ ಕಾಣಲಿಲ್ಲ.

"ನೋಡ್ರಿ ಅಜ್ಜಿ, ಗ್ರೀಕ್ ಭಾಷಾದಾಗ 'ಗ್ನೋ' ಅಂದ್ರ ತಿಳಿಯೋದು. ನಮ್ಮ ಜ್ಞಾನದಾಗಿನ 'ಜ್ಞಾ' ಐತಲ್ಲ, ಎರಡೂ ಅಣ್ತಮ್ಮರು. ಮುಂದ ಒಂದು 'ಅ' ಹಚ್ಚಿದ್ರ ಇಲ್ಲ ಅಂತ ಅರ್ಥ, ನಮ್ಮಲ್ಲೂ ಹಂಗ, ಅವರಲ್ಲೂ ಹಂಗ. ನೂರೈವತ್ತು ವರ್ಷದ ಹಿಂದ ಇಂಗ್ಲಂಡಿನ್ಯಾಗ ಒಬ್ಬ ವಿಜ್ಞಾನಿ ಇದ್ದ. ಅವನ ಗೆಳ್ಯಾರಿಗೆಲ್ಲಾ ಒಂದೊಂದು ಪಂಥದ ಹೆಸರಿತ್ತು, ಅವಗೊಬ್ಬಗ ಇರಲಿಲ್ಲ. ಅದಕ್ಕ ತನ್ನ ಅಳತಿಗೆ ತಾನ ಈ ಹೆಸರು ಹೊಲಿಸಿಕೊಂಡ. ಅಗ್ನಾಸ್ಟಿಕ್ ಅಂದ್ರ ದೇವರು ಅದಾನ ಅಂತನೂ ಅನ್ನೂದಿಲ್ಲ, ಇಲ್ಲ ಅಂತನೂ ಅನ್ನೂದಿಲ್ಲ."

"ಅಂದ್ರ ನಿನಗ ಗೊತ್ತಿಲ್ಲ," ಎಂದಳು ದುರ್ಗವ್ವ.

"ಹೂನ್ರಿ. ಬರೋಬ್ಬರಿ."

"ಗೊತ್ತಿಲ್ಲ ಅನ್ನಾಕ ಅಷ್ಟು ದೂರಿಂದ ಹೆಸರು ತರಿಸ್ಬೇಕಾತೇನು?"

ಮನೆಯೆಲ್ಲ ನಕ್ಕಿತು. ಸಂಜುವೂ ನಕ್ಕ. ಇಷ್ಟು ಬೇಗ, ಇಷ್ಟು ಸರಿಯಾಗಿ ಆ ಶಬ್ದವನ್ನು ತಿಳಿದುಕೊಂಡವರನ್ನು ಅವನು ಕಂಡೇ ಇರಲಿಲ್ಲ. ಅಜ್ಜಿಗೆ ಅರ್ಥವಾಗದೆ ಹೋಗಿದ್ದರೆ ಬದುಕಿಕೊಳ್ಳುತ್ತಿದ್ದ, ಪಾಪ.

"ಬಾಬಣ್ಣಾ," ಎಂದು ದುರ್ಗವ್ವ ಮಗನನ್ನು, ಅಂದರೆ ಸುನಿತಾಳ ಅಪ್ಪನನ್ನು ಕೂಗಿದಳು. "ಈ ಹುಡುಗಗ ನಮ್ಮವ್ವ ಗೊತ್ತಿಲ್ಲಂತ. ನಮ್ಮವ್ವಗರ ಈ ಹುಡುಗ ಗೊತ್ತದಾನೋ ಇಲ್ಲೋ, ಕೇಳ್ಕೊಂಡು ಬರೂಣು. ಗಾಡಿ ತಗಿ."

ಅವ್ವ ಅಂದರೆ ಗುಡ್ಡದವ್ವ, ಆ ಮನೆಯ ದೇವಿ. ರಾಮಥಾಳದ ಕಡೆ ಒಂದು ಕೆಂಪು ಗುಡ್ಡದ ಮೇಲೆ ಅವಳ ಪುಟ್ಟ ಗುಡಿ. ಹೊಸ ಮಗ್ಗ ಹೂಡುವುದಿರಲಿ, ಬಾವಿ ತೋಡುವುದಿರಲಿ, ಅವಳ ಹೂ ಕೇಳದೆ ಆ ಮನೆಯಲ್ಲಿ ಒಂದು ಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾರೆ. ದೇವಿಯ ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಅದರ ಮೇಲೆ ಅಪೀಲು ಇಲ್ಲ.

ಕಾರು ಹತ್ತುವಾಗ ಸುನಿತಾ ಅವನ ಪಕ್ಕಕ್ಕೆ ಬಂದಳು.

"ಒಂದು ಹೂಂ ಅನ್ನಾಕ ನಿಮಗೇನಾಗಿತ್ರಿ? ಹ್ವಾದ ವರ್ಷ ನನಗ ಒಂದು ಸಂಬಂಧ ಬಂದಿತ್ತು. ಎಡದ ಹೂ ಬಿತ್ತು, ಆ ಹುಡುಗನ್ನ ಚಹಾ ಕುಡಿಸದ ಕಳಿಸಿದ್ರು. ಆವತ್ತು ನನಗ ಖುಷಿ ಆಗಿತ್ತು, ಯಾಕಂದ್ರ ನೀವು ಇದ್ರಿ. ಇವತ್ತು ಎಡದ್ದು ಬಿತ್ತಂದ್ರ ನಾ ಏನ್ ಮಾಡ್ಲಿ?"

ಅವಳ ಕಣ್ಣು ತುಂಬಿದ್ದವು. ಸಂಜುವಿಗೆ ಆಗ ಹೆದರಿಕೆಯಾಯಿತು. ಈ ಹುಡುಗಿಯಿಲ್ಲದ ಲೈಬ್ರರಿಯನ್ನು, ಅವಳ ಕೈ ತಾಗದ ನಿಘಂಟನ್ನು ನೆನೆಯುತ್ತಲೇ ಅವನು ಕಾರು ಹತ್ತಿದ.

ಸುದ್ದಿ ಓಣಿಯಲ್ಲೆಲ್ಲ ಹರಡಿತ್ತು. ಬಾಬಣ್ಣನ ಟೆಂಪೊದಲ್ಲಿ ಓಣಿಯ ಅರ್ಧ ಹೆಂಗಸರು ಬುತ್ತಿ ಕಟ್ಟಿಕೊಂಡು ಹತ್ತಿದರು. ಎಲ್ಲರ ಬಾಯಲ್ಲೂ ಒಂದೊಂದು ಸಲಹೆ. ಬಲಗಾಲು ಮುಂದಿಟ್ಟು ಇಳಿ ಎಂದಳು ಒಬ್ಬಳು. ಕಿಸೆಯಲ್ಲಿ ನಿಂಬೆಹಣ್ಣು ಇಟ್ಟುಕೋ ಎಂದಳು ಇನ್ನೊಬ್ಬಳು. ಬಸವೇಶ್ವರಿಬಾಯಿ ಕಾರಿನಲ್ಲಿ ಎಲ್ಲರಿಗೂ ಕೇಳುವಂತೆ, "ಭಾಡಿಗಿ ತಪ್ಪಿಸಿದಾಂವ ಅಲ್ರಿ ಹುಡುಗ. ದೇವರ ವಿಷಯದಾಗ ಅಷ್ಟ ಒಂಚೂರು ಸಡಿಲ," ಎಂದು ಶಿಫಾರಸು ಮಾಡಿದಳು.

ಹುನಗುಂದದ ರಸ್ತೆಗೆ ಬಿಸಿಲು ಹಳದಿಯಾಗಿ ಬಿದ್ದಿತ್ತು. ಎರಡೂ ಕಡೆ ಸೂರ್ಯಕಾಂತಿ ತಲೆ ತೂಗುತ್ತಿತ್ತು. ಕಿಟಕಿಗೆ ತಲೆ ಆನಿಸಿದ ಸಂಜುವಿಗೆ ಯಾವಾಗಿನಂತೆ ಜೊಂಪು ಹತ್ತಿತು. ಕನಸಿನಲ್ಲಿ ಗುಡ್ಡದವ್ವ ಚಷ್ಮಾ ಹಾಕಿಕೊಂಡು ಲೈಬ್ರರಿಯ ಕೌಂಟರಿನಲ್ಲಿ ಕೂತಿದ್ದಳು. ಅವಳ ಹಿಂದೆ ಕಪಾಟುಗಳು ಮೋಡದವರೆಗೆ ಏರಿದ್ದವು, ಪುಸ್ತಕಗಳ ನಡುವೆ ಗಿಳಿಗಳು ಹಾರುತ್ತಿದ್ದವು. ಇವನು ತನ್ನ ಹೆಸರು ಹೇಳಿದ. ಅವಳು ನಿಧಾನಕ್ಕೆ ತಲೆಯೆತ್ತಿ, ಬಹಳ ಸೌಜನ್ಯದಿಂದ, "ನಿಮ್ಮ ಗುರ್ತು ಸಿಗಲಿಲ್ರಿ," ಅಂದಳು.

"ಏಳಲೇ, ಗುಡ್ಡ ಬಂತು," ಎಂದು ಸಂಗಯ್ಯ ತಿವಿದ.

ಗುಡಿ ಅಂದರೆ ಮೂರು ಕಲ್ಲುಗೋಡೆ, ಒಂದು ಬಾಗಿಲು, ಮುಂದೆ ಬೇವಿನ ಗಿಡ. ಪೂಜಾರಿ ಮರೆವ್ವ ಎಂಬ ಹೆಂಗಸು. ಹಣೆ ತುಂಬ ಭಂಡಾರದ ಅರಿಶಿನಪುಡಿ ಹಚ್ಚಿಕೊಂಡಿದ್ದ ಅವಳು ಬಂದವರನ್ನೆಲ್ಲ ಕೂಡಿಸಿ, ಎರಡು ಬಿಳಿ ಸೇವಂತಿಗೆಯನ್ನು ನೀರಲ್ಲಿ ಅದ್ದಿ ದೇವಿಯ ಎರಡೂ ಭುಜಕ್ಕೆ ಒತ್ತಿದಳು.

"ಮನಸಿನ್ಯಾಗ ಕೇಳ್ಕೊ ಯಕ್ಕಾ," ಎಂದಳು ದುರ್ಗವ್ವನಿಗೆ. "ಬಾಯಿ ಬಿಚ್ಚಬ್ಯಾಡ. ಏನ್ ಕೇಳಿದಿ ಅನ್ನೂದು ಹೂ ಬಿದ್ದ ಮ್ಯಾಲೆ ಹೇಳ್ವಂತಿ."

ದುರ್ಗವ್ವ ಕಣ್ಣು ಮುಚ್ಚಿದಳು. ಅವಳ ತುಟಿ ಬಹಳ ಹೊತ್ತು ಅಲುಗಿದವು. ಆಮೇಲೆ ನಿಂತವು. ಎಲ್ಲರೂ ಹೂ ನೋಡತೊಡಗಿದರು.

ಹೂ ಬೀಳಲಿಲ್ಲ.

ಬೇವಿನ ನೆರಳು ಕಟ್ಟೆಯಿಂದ ಇಳಿದು ಮೆಟ್ಟಿಲಿಗೆ ಬಂತು. ಹೆಂಗಸರು ಬುತ್ತಿ ಬಿಚ್ಚಿ ರೊಟ್ಟಿ ತಿಂದರು. ದೂರದಲ್ಲಿ ಯಾರದೋ ಟ್ರ್ಯಾಕ್ಟರಿನ ಹಾಡು ಬಂತು, ಹೋಯಿತು. ಎರಡು ಹೂಗಳೂ ದೇವಿಯ ಭುಜದ ಮೇಲೆ ಹಾಯಾಗಿ ಕೂತಿದ್ದವು. ಸಂಗಯ್ಯ ಸಂಜುವಿನ ಕಿವಿಗೆ ಬಾಗಿದ.

"ಹೌದು ಅಂತಿಲ್ಲ, ಇಲ್ಲ ಅಂತನೂ ಇಲ್ಲ. ಈ ದೇವಿನೂ ನಿಮ್ಮ ಪಾರ್ಟಿನ ಐತಲೇ!"

ಸಂಜುವಿಗೆ ನಗು ಬರಲಿಲ್ಲ. ಅದೇ ಹೊತ್ತಿಗೆ ಬಸವೇಶ್ವರಿಬಾಯಿ ಗುಡಿ ನಡುಗುವಂತೆ ಒಂದು ಸೀನು ಸೀನಿದಳು. ಎಲ್ಲರೂ ಅವಳ ಮೇಲೆ ಹರಿಹಾಯ್ದರು.

"ಏನ್ ಮಾಡ್ಲಿ, ಭಂಡಾರ ಮೂಗಿಗೆ ಹೋತು," ಎಂದು ಆಕೆ ಸೆರಗು ಮುಚ್ಚಿಕೊಂಡಳು.

ಗದ್ದಲ ಅಡಗಿದಾಗ ಸಂಜುವಿನ ಜೀವ ಬಾಯಿಗೆ ಬಂತು. ಎಡಗಡೆಯ ಹೂ ತುದಿಗೆ ಜಾರಿತ್ತು. ಒಂದು ಎಸಳು ಗಾಳಿಗೆ ನಡುಗುತ್ತಿತ್ತು. ಇನ್ನೇನು ಬಿತ್ತು, ಬಿತ್ತೇಬಿಟ್ಟಿತು ಅನ್ನುವ ಹಾಗೆ. ಬಲಗಡೆಯದು ಗೋಂದು ಹಚ್ಚಿದಂತೆ ಕೂತಿತ್ತು.

ನಮ್ಮ ಅಗ್ನಾಸ್ಟಿಕ್ ಆಗ ಮನಸ್ಸಿನಲ್ಲೇ ಕೈ ಮುಗಿದ. ಅವ್ವಾ, ನೀ ಇದ್ದರೆ, ಎಂದು ಶುರು ಮಾಡಿದವನು ಈ 'ಇದ್ದರೆ' ಅವಳಿಗೆ ಸಿಟ್ಟು ತರಿಸೀತೆಂದು ಅದನ್ನು ಬಿಟ್ಟ. ಒಂದು ಕಾಯಿ ಒಡೆಸುತ್ತೇನೆ ಅಂದ. ಹೂ ಇನ್ನೊಂದಿಷ್ಟು ಜಾರಿತು. ಐದು ಕಾಯಿ ಅಂದ. ಇನ್ನೂ ಜಾರಿತು. ಇಳಕಲ್ಲಿನ ಟೋಪ ಸೆರಗಿನ ಸೀರೆ ಉಡಿಸುತ್ತೇನೆ, ಗುಡಿಗೆ ಬಣ್ಣ ಹೊಡೆಸುತ್ತೇನೆ, ಗುಡ್ಡಕ್ಕೆ ಮೆಟ್ಟಿಲು ಕಟ್ಟಿಸುತ್ತೇನೆ ಎಂದ. ಮಾಸ್ತರನ ಪಗಾರ ಗುಡ್ಡದವ್ವನಿಗೂ ಗೊತ್ತಿದ್ದೀತು, ಆಕೆ ಕದಲಲಿಲ್ಲ.

"ಹುಡುಗ ಮುಂದ ಬಂದು ನಿಲ್ಲಲಿ," ಎಂದಳು ಮರೆವ್ವ. "ಮುಖಾ ನೋಡಿದ್ರರ ಅವ್ವ ಏನರ ಅಂದಾಳು."

ಸಂಜು ಬಾಗಿಲ ಹೊಸ್ತಿಲಿಗೆ ಹೋಗಿ ನಿಂತ. ದೇವಿ ಈಗ ಒಂದು ಮೊಳ ದೂರ. ಊದಿದರೆ ತಾಗುವಷ್ಟು ಹತ್ತಿರ. ಊದಿದರೆ ಎಂಬ ಶಬ್ದ ಮನಸ್ಸಿಗೆ ಬಂದದ್ದೇ ತಡ, ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆಮೇಲೆ ಸುನಿತಾಳ ತುಂಬಿದ ಕಣ್ಣು ನೆನಪಾದವು. ಹೇಸಿಗೆ ಹೋಯಿತು.

ಸುಮ್ಮನೆ ಊದಿದರೆ ಸಿಕ್ಕಿಬೀಳುತ್ತಾನೆ. ಮಂತ್ರ ಅಂದಂತೆ ಮಾಡಿ ಊದೋಣವೆಂದರೆ ಅವನಿಗೆ ಒಂದು ಮಂತ್ರವೂ ಬರುತ್ತಿರಲಿಲ್ಲ. ಆ ಗಳಿಗೆಯಲ್ಲಿ ಅವನ ಕೈ ಹಿಡಿದದ್ದು ಗ್ರೀಕ್ ಭಾಷೆ. ಕಣ್ಣು ಮುಚ್ಚಿ, ಕೈ ಜೋಡಿಸಿ, ಗಂಭೀರವಾಗಿ ಶುರು ಮಾಡಿದ.

"ಫಿಲಾಸಫಿ... ಫೋನೆಟಿಕ್ಸ್... ಫಿಸಿಕ್ಸ್..."

ಪ್ರತಿ ಫಕಾರಕ್ಕೂ ಒಂದು ಉಸಿರು ಹೊರಟಿತು. ಹಿಂದಿನಿಂದ ಸುನಿತಾ ಜೋರಾಗಿ ಕೆಮ್ಮಿದಳು. ಓರೆಗಣ್ಣಲ್ಲಿ ನೋಡಿದರೆ ಅವಳು ಆ ಕಡೆ ಬೇಡ ಎಂಬಂತೆ ತನ್ನ ಬಲಗೈಯನ್ನು ಮೆಲ್ಲಗೆ ಅಲ್ಲಾಡಿಸುತ್ತಿದ್ದಳು. ಸಂಜು ತನ್ನ ಬಲಕ್ಕಿದ್ದ ಹೂವಿಗೆ ಊದುತ್ತಿದ್ದ, ಅಂದರೆ ದೇವಿಯ ಎಡಕ್ಕಿದ್ದುದಕ್ಕೆ! ಪುಣ್ಯಕ್ಕೆ ಆ ಹೂ ಇನ್ನೂ ಇತ್ತು. ಕತ್ತು ಹೊರಳಿಸಿ, ಎದೆ ತುಂಬ ಉಸಿರು ಎಳೆದುಕೊಂಡ.

"ಫೋಟೋಗ್ರಫಿ! ಫಾಸ್ಫರಸ್!"

"ಎಂಥಾ ಮಂತ್ರ ಅಂತೀನಿ! ಕೇಳೇ ಇರಲಿಲ್ಲ," ಎಂದು ಹಿಂದೊಬ್ಬಳು ಮೆಚ್ಚಿಕೊಂಡಳು.

ಫಾಸ್ಫರಸ್ಸಿಗೆ ಬಲಗಡೆಯ ಹೂ ಎದ್ದಿತು, ಒಂದು ಗಳಿಗೆ ಯೋಚಿಸಿದಂತೆ ಮಾಡಿತು, ಆಮೇಲೆ ಬಹಳ ಮೆಲ್ಲಗೆ, ನಿದ್ದೆಯಲ್ಲಿ ಬಿದ್ದಂತೆ ದೇವಿಯ ಪಾದಕ್ಕೆ ಬಿತ್ತು.

"ಉಧೋ! ಉಧೋ!" ಎಂದು ಗುಡ್ಡವೆಲ್ಲ ಕೂಗಿತು. ಸಂಗಯ್ಯ ಸಂಜುವನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದ. ಬಸವೇಶ್ವರಿಬಾಯಿ ಅವನ ಬಾಯಿಗೆ ಸಕ್ಕರೆ ಸುರಿದಳು. ಬಾಬಣ್ಣ ಕಣ್ಣೊರೆಸಿಕೊಂಡು ಅಳಿಯನ ಬೆನ್ನು ತಟ್ಟಿದ. ಸುನಿತಾ ನೆಲ ನೋಡುತ್ತ ನಗುತ್ತಿದ್ದಳು. ಸಂಜುವಿಗೆ ಭೂಮಿ ಕಾಲಿಗೆ ತಾಗುತ್ತಿರಲಿಲ್ಲ. ಕೆಂಪು ಗುಡ್ಡ, ಹಳದಿ ಹೊಲ, ಬಿಳಿ ಮೋಡ ಎಲ್ಲವೂ ತನ್ನ ಮದುವೆಗೇ ಬಂದು ಕೂತಂತೆ ಕಂಡಿತು.

"ಈಗ ಹೇಳು ಯಕ್ಕಾ," ಎಂದಳು ಮರೆವ್ವ. "ಅವ್ವಗ ಏನ್ ಕೇಳಿದ್ದಿ?"

ದುರ್ಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮತ್ತೇನ್ ಕೇಳ್ಲಿ? ಹುಡುಗನ್ನ ನೋಡಿದ ಕೂಡ್ಲೆ ನನಗ ಮನಸಿಗೆ ಬಂದ. ಸುಳ್ಳು ಹೇಳಾಂವಲ್ಲ. ಈ ಹುಡುಗನ್ನ ಬಿಡೂದಿಲ್ಲಂತ ಮನ್ಯಾಗ ನಿಶ್ಚೇ ಮಾಡಿದ್ದೆ, ಅದನ್ನೇನು ಕೇಳೂದು? ಆದ್ರ ಇಂವಗ ಇನ್ನೂ ಏನೂ ಗೊತ್ತಿಲ್ಲ. ಅದಕ್ಕ ಅವ್ವನ್ನ ಕೇಳಿದೆ, ಈ ಮದಿವಿ ಬರೂ ತಿಂಗಳ ಬ್ಯಾಡ, ಒಂದು ವರ್ಷ ತಡೀಲೇನವ್ವಾ ಅಂತ. ಹೌದು, ತಡಿ ಅಂದ್ಲು ನೋಡ್ರಿ ನನ್ನವ್ವ!"

ಸಂಜುವಿನ ಬಾಯಲ್ಲಿದ್ದ ಸಕ್ಕರೆ ಬಾಯಲ್ಲೇ ಉಳಿಯಿತು. ಅದೇ ಗಳಿಗೆಯಲ್ಲಿ, ಯಾರೂ ಊದದೆ, ಯಾರೂ ಸೀನದೆ, ಎಡಗಡೆಯ ಹೂ ತಾನಾಗಿಯೇ ಕೆಳಗೆ ಬಿತ್ತು.

"ಎರಡನೇದ್ದು ಲೆಕ್ಕಕ್ಕಿಲ್ಲ," ಎಂದು ಮರೆವ್ವ ಅದನ್ನು ಎತ್ತಿ ತಟ್ಟೆಗೆ ಹಾಕಿದಳು.

"ಅಜ್ಜಿ," ಎಂದ ಸಂಜು. "ಈಗ ನನಗ ಗೊತ್ತಾತ್ರಿ. ದೇವಿ ಅದಾಳ್ರಿ. ಖರೇನ ಅದಾಳ!"

"ಅದಾಳಲ್ಲಾ? ಅದಾಳಂದ್ರ ಆಕಿ ಮಾತು ನಡೀಬೇಕಲ್ಲ, ತಮ್ಮಾ. ತಡಿ ಅಂದಾಳ."

ಸಂಜು ಸುನಿತಾಳ ಕಡೆ ನೋಡಿದ. ಅವಳ ನಗು ಎಲ್ಲಿಯೋ ಹೋಗಿತ್ತು. ಒಂದು ವರ್ಷ! ಅವನಿಗೆ ತಡೆಯಲಾಗಲಿಲ್ಲ.

"ಆ ಹೂ ದೇವಿ ಕೊಟ್ಟದ್ದಲ್ರಿ ಅಜ್ಜಿ! ನಾನ ಊದಿ ಬೀಳಿಸಿದೆ! ಅದು ಮಂತ್ರ ಅಲ್ಲ, ಗ್ರೀಕ್ ಶಬ್ದ! ಬಿಟ್ಟಿದ್ರ ಎಡದ್ದ ಮೊದಲು ಬೀಳ್ತಿತ್ತು, ನಿಮ್ಮ ಕಣ್ಣಾರೆ ಕಂಡ್ರಲ್ಲ!"

ಬಾಬಣ್ಣ ತೋಳು ಮೇಲೇರಿಸಿದ. ಸಂಗಯ್ಯ ಕಾರಿನ ಕೀಲಿ ಹುಡುಕಿಕೊಂಡ. ದುರ್ಗವ್ವ ಮಾತ್ರ ಕದಲಲಿಲ್ಲ. ಸಂಜುವನ್ನು ಹತ್ತಿರ ಕರೆದು ಕೂಡಿಸಿಕೊಂಡು, ಬಹಳ ಅಕ್ಕರೆಯಿಂದ ಕೇಳಿದಳು.

"ನೀ ಎದಕ್ಕ ಊದಿದಿ?"

"ಮದಿವಿ ಲಗೂ ಆಗ್ಲಿ ಅಂತ್ರಿ."

"ಲಗೂ ಆತೇನು?"

"ಇಲ್ರಿ."

"ಮತ್ತ? ನಿನ್ನ ಸಲುವಾಗಿ ಊದಿದ್ರ ನಿನಗ ಬೇಕಾದ್ದು ಆಗ್ತಿತ್ತು. ಆಕಿಗೆ ಬೇಕಾದ್ದು ಆತು. ಅಂದ ಮ್ಯಾಲೆ ಊದಿದಾಂವ ನೀ ಅಲ್ಲಪಾ, ನಿನ್ನ ಬಾಯಿಲೆ ಆಕಿ ಊದಿದ್ಲು. ಇಷ್ಟು ಮಂದಿ ಭಕ್ತರು ಕುಂತಿದ್ವಿ, ನಮ್ಮನ್ನೆಲ್ಲಾ ಬಿಟ್ಟು ಗೊತ್ತಿಲ್ಲ ಅನ್ನಾಂವನ ಉಸಿರ ಹಿಡದಾಳ ನೋಡ್ರಿ!"

ಹೆಂಗಸರೆಲ್ಲ ಒಮ್ಮೆಲೇ ಉಸಿರೆಳೆದುಕೊಂಡರು. ಬಾಬಣ್ಣ ಏರಿಸಿದ ತೋಳು ಇಳಿಸಿ ಕೈ ಜೋಡಿಸಿದ. ಮರೆವ್ವ ಬಂದು ಸಂಜುವಿನ ಹಣೆಗೆ ಒಂದು ಮುಷ್ಟಿ ಭಂಡಾರ ಬಳಿದಳು. ಸಂಜು ಮೂಗಿಗೆ ಇಳಿದ ಭಂಡಾರವನ್ನು ಒರೆಸಿಕೊಂಡ.

"ವರ್ಷ ಅನ್ನೂದು ಹಿಂಗಂದು ಹಂಗ ಹೋಗ್ತೈತಿ," ಎಂದಳು ದುರ್ಗವ್ವ. "ಅಲ್ಲೀತನಕ ಮಂಗಳವಾರಕ್ಕೊಮ್ಮೆ ಇಲ್ಲಿಗೆ ಬಂದು ನಾಕು ಮಂದಿಗೆ ಊದಿ ಹೋಗು. ದೇವಿ ಹೊಕ್ಕ ಉಸಿರು, ಸುಮ್ಮನ ಹಾಳಾಗಬಾರದು."

ಅಷ್ಟರಲ್ಲಿ ಬಸವೇಶ್ವರಿಬಾಯಿ ಅವನ ಮುಂದೆ ತಲೆ ಬಾಗಿಸಿ ಕೂತಾಗಿತ್ತು. "ನಂದು ಅರ್ಧ ತಲಿನೋವು, ಮಾಸ್ತರ. ಎಷ್ಟ್ ದವಾಖಾನಿ ತಿರುಗಿದ್ರೂ ಹೋಗಿಲ್ಲ. ಮನಿ ಮಾಲಕಿ ಅಂತ ಒಂದಿಷ್ಟು ಜಾಸ್ತಿನ ಊದ್ರಿ."

ಸಂಜು ಸುನಿತಾಳನ್ನು ನೋಡಿದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಅವನಿಗೆ ತಿಳಿಯಲಿಲ್ಲ. ಬೇರೆ ದಾರಿ ಕಾಣದೆ ಅವನು ಮೆಲ್ಲಗೆ ಊದಿದ.

"ಅಯ್ಯ ನನ್ನವ್ವ, ಹಗುರಾತು!" ಎಂದು ಬಸವೇಶ್ವರಿಬಾಯಿ ಕೂಗಿದಳು.

ನೋಡುನೋಡುತ್ತಿದ್ದಂತೆ ಬೇವಿನ ಗಿಡದವರೆಗೆ ಸಾಲು ನಿಂತಿತು. ಮೊಣಕಾಲು, ಹಲ್ಲು, ಮೂಲವ್ಯಾಧಿ, ಸೊಸೆಯ ಕಾಟ, ಎಲ್ಲಕ್ಕೂ ಸಂಜು ಊದುತ್ತ ಹೋದ. ಬಿಸಿಲು ಇಳಿದು ಗುಡ್ಡಕ್ಕೆ ಕುಂಕುಮದ ಬಣ್ಣ ಬಂತು. ಊದಿ ಊದಿ ಅವನ ತಲೆ ಹಗುರಾಗಿ, ಮಂದಿಯೂ ಗಿಡವೂ ದೂರದ ಹೊಲಗಳೂ ಒಂದೇ ಕನಸಿನಂತೆ ತೇಲತೊಡಗಿದವು. ಸಾಲಿನ ಕೊನೆಗೆ ಸೊಂಟ ಹಿಡಿದುಕೊಂಡು ನಿಂತಿದ್ದವನನ್ನು ಕಂಡಾಗಲೇ ಅವನಿಗೆ ಎಚ್ಚರವಾದದ್ದು. ಅವನು ಸಂಗಯ್ಯ.

"ನೀನೂನಲೇ?" ಎಂದ ಸಂಜು. "ನೀ ಇದನ್ನೆಲ್ಲಾ ನಂಬ್ತಿಯೇನು?"

ಸಂಗಯ್ಯ ಆ ಕಡೆ ಈ ಕಡೆ ನೋಡಿ, ಅಂಗಿ ಮೇಲೆತ್ತಿ ಸೊಂಟ ತಿರುಗಿಸಿದ.

"ಗೊತ್ತಿಲ್ಲಪಾ. ನೀ ಊದು."